ಹೂ ನೋಡುತ್ತಾ ನಡೆಯೋಕೆ ಕುರಿಂಜಲ್ ಗುಡ್ಡ

ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಹೂ ನೋಡುತ್ತಾ ನಡೆಯಬೇಕು, ತೀರಾ ಕಷ್ಟವೂ ಆಗಬಾರದು ಅನ್ನುವವರಿಗೆ ಕುರಿಂಜಲ್ ಗುಡ್ಡವೇ ಸರಿ. ಬಹುಪಾಲು ಹಳೇ ಜೀಪ್ ದಾರಿ, ನಡುನಡುವೆ ಶೋಲಾ ಕಾಡಿನ (ಗುಡ್ಡಗಳ ಕಣಿವೆಯಲ್ಲಿ ಬೆಳೆಯುವ ದಟ್ಟ ಕಾಡು) ನೆರಳು. ಜಡಿಮಳೆ ಇಳಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ ಹೋಗಿ.

ದಾರಿಬದಿಯ ಒದ್ದೆ ದರೆಯಲ್ಲಿ ಗುಲಾಬಿ ಬಣ್ಣದ ಕಾಡು ಕರ್ಣಕುಂಡಲ ಹುಡುಕಿ. ನೀರು ಜಿನುಗುವ ಬಂಡೆ ಕಂಡರೆ ದಯವಿಟ್ಟು ಕೂತೇ ನೋಡಿ. ಅಲ್ಲಿ ಅರಳುವ ಪುಟಾಣಿ ನೀಲಿ ಹೂಗಳಲ್ಲಿ ಯುಟ್ರಿಕ್ಯುಲೇರಿಯಾ ಅನ್ನುವ ಪುಟ್ಟ ಗಿಡದ ಹೂವೂ ಇರುತ್ತದೆ. ತೆಳು ಮಣ್ಣಲ್ಲಿ ಸಾರ ಕಡಿಮೆ ಅಲ್ವಾ, ಅದಕ್ಕೇ ಈ ಗಿಡ ಬುಡದ ಸಣ್ಣ ಚೀಲಗಳಲ್ಲಿ ಕಣ್ಣಿಗೆ ಕಾಣದಂಥ ಜೀವಿಗಳನ್ನು ಹಿಡಿದು ತಿನ್ನುತ್ತದೆ! ಅದರ ಮೇಲೆ ಕಾಲಿಡಬೇಡಿ.

ಉಂಬಳ (ರಕ್ತ ಹೀರುವ ಜಿಗಣೆ) ಜಾಸ್ತಿ. ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ಸಿಕ್ಕಿಸಿ, ಬಟ್ಟೆಯಲ್ಲಿ ಉಪ್ಪು ಕಟ್ಟಿಟ್ಟುಕೊಳ್ಳಿ. ಅರಣ್ಯ ಇಲಾಖೆಯ ಅನುಮತಿ ಬೇಕು, ಹೊರಡುವ ಮೊದಲೇ ಮಾಡಿಸಿಕೊಳ್ಳಿ.