ಹಲ್ಲಿನ ಸೆಟ್ ಹಾಕಿಕೊಂಡು ಖಡಕ್ ರೊಟ್ಟಿ: ನನ್ನ ಅನುಭವ

"ಸೆಟ್ ಹಾಕಿಸಿದ್ರಲ್ಲ ಕಾಕಾ, ಇನ್ನ ಖಡಕ್ ರೊಟ್ಟಿ ಮರೀರಿ" ಅಂತ ಮನೆಯಲ್ಲಿ ಎಲ್ಲರೂ ಹೇಳಿದ್ದರು. ಬೀಗರಂತೂ ಗಂಜಿಗೆ ಅಂತ ಜೋಳದ ನುಚ್ಚೇ ಕಳಿಸಿದರು. ಕಲಬುರಗಿಯಲ್ಲಿದ್ದು ರೊಟ್ಟಿ ಬಿಡೋದಾ?

ನನ್ನದು ಮೇಲೆ ಕೆಳಗೆ ಎರಡೂ ಫುಲ್ ಸೆಟ್. ಸುಮಾರು 12 ಸಾವಿರ ಹೋಯಿತು. ಮೇಲಿನದು ಅಂಗುಳಕ್ಕೆ ಕಚ್ಚಿಕೊಂಡು ಕೂತಿತು, ತಕರಾರಿಲ್ಲ. ಕಾಟ ಕೊಟ್ಟಿದ್ದು ಕೆಳಗಿನದು. ಸೆಟ್ ಹಾಕಿಕೊಂಡವರಿಗೆ ಗೊತ್ತು, ನಾಲಿಗೆ ಅಲುಗಿದರೆ ಸಾಕು, ಎದ್ದು ಬರುತ್ತದೆ. ವಸಡಿಗೆ ಹುಣ್ಣು. ಡಾಕ್ಟರ್ ಹತ್ತಿರ ಸೆಟ್ಟಿನ ಆ ಜಾಗ ಉಜ್ಜಿಸಿಕೊಂಡು ಬಂದರೆ ಇನ್ನೊಂದು ಕಡೆ ಹುಣ್ಣು. ಸೆಟ್ ಹಿಡಿದಿಡೋ ಅಂಟಿನ ಪುಡಿಗೆ ತಿಂಗಳಿಗೆ 300–400 ರೂಪಾಯಿ ಸುರಿದೆ. ಬಿಸಿ ಸಾರು ಬಿದ್ದ ಕೂಡಲೇ ಅದು ಲೋಳೆಯಾಗಿ ಊಟದ ರುಚಿಯೇ ಕೆಡುತ್ತಿತ್ತು.

ಕೊನೆಗೆ ಅಗಿಯೋ ರೀತಿಯನ್ನೇ ಬದಲಿಸಿದೆ. ಸ್ವಂತ ಹಲ್ಲಿದ್ದಾಗ ಒಂದೇ ಕಡೆ ಅಗಿದರೂ ನಡೆಯುತ್ತದೆ. ಸೆಟ್ಟಿಗೆ ಅದು ಆಗಿಬರಲ್ಲ, ಬಲಕ್ಕೆ ಒತ್ತಿದರೆ ಎಡಕ್ಕೆ ಏಳುತ್ತದೆ. ತುತ್ತನ್ನು ಎರಡು ಪಾಲು ಮಾಡಿ ಎರಡೂ ಕಡೆ ಇಟ್ಟು ಒಟ್ಟಿಗೆ ಅಗಿಯಬೇಕು. ಎಮ್ಮೆ ಮೆಲುಕು ಹಾಕಿದ ಹಾಗೆ ಅಡ್ಡಡ್ಡ ಆಡಿಸಬಾರದು, ನೇರ ಕುಟ್ಟಬೇಕು. ನಾಲಿಗೆಯನ್ನು ಕೆಳಗಿನ ಸೆಟ್ಟಿನ ಒಳ ಅಂಚಿಗೆ ಸುಮ್ನೆ ತಾಗಿಸಿಟ್ಟರೆ ಅದು ಕದಲಲ್ಲ. ಮೊದಲು ಬಾಳೆಹಣ್ಣು, ಅನ್ನ, ಆಮೇಲೆ ಬೆಂದ ತೊಗರಿಕಾಳು, ಮೆತ್ತನ್ನ ರೊಟ್ಟಿ, ಕೊನೆಗೆ ಖಡಕ್. ತಿಂಗಳುಗಟ್ಟಲೆ ಹಿಡಿಯಿತು. ಫುಲ್ ಸೆಟ್ಟಿನಲ್ಲಿ ಸ್ವಂತ ಹಲ್ಲಿನ ಕಾಲು ಭಾಗ ಬಲ ಸಿಕ್ಕರೆ ಅದೇ ಜಾಸ್ತಿ. ಅದಕ್ಕೇ ತುತ್ತು ಸಣ್ಣದು, ಅಗಿಯೋದು ದುಪ್ಪಟ್ಟು.

ರೊಟ್ಟಿಯನ್ನು ರೂಪಾಯಿ ನಾಣ್ಯದಷ್ಟು ಮುರಿದು ಬೇಳೆಯಲ್ಲಿ ಅದ್ದಿ, ತಕ್ಷಣ ತೆಗೀರಿ. ಅಂಚು ಮೆತ್ತಗಾಗಿ ನಡುವೆ ಇನ್ನೂ ಕುರುಂ ಅನ್ನಬೇಕು. ಹಿಟ್ಟು ನಾದುವಾಗ ನಮ್ಮ ಮನೆಯವರು ಒಂದು ಸಾಮಾನು ಸೇರಿಸುತ್ತಾರೆ. ಅದನ್ನು ಇಲ್ಲಿ ಹೇಳಿದರೆ ನನಗೆ ರಾತ್ರಿ ಊಟ ಸಿಗಲ್ಲ! ಈ ಸಲ ಎಳ್ಳಮಾವಾಸ್ಯೆಗೆ ಬೀಗರ ಹೊಲದಲ್ಲೇ ಕೂತು ಸಜ್ಜಿ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಹೊಡೆದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

ಮಿರ್ಚಿ ಭಜಿಯನ್ನು ಮುಂದಿನ ಹಲ್ಲಲ್ಲಿ ಕಚ್ಚಿ ಎಳೆದರೆ ಮೇಲಿನ ಸೆಟ್ ಹಿಂದುಗಡೆ ಕಳಚುತ್ತದೆ. ಕೋರೆಹಲ್ಲಿನ ಹತ್ತಿರ ಇಟ್ಟು ಒಳಕ್ಕೆ ಒತ್ತುತ್ತಾ ಕಚ್ಚಿ. ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಮೊಸರು ಕಲಸಿಕೊಂಡರೆ ಪುಡಿ ಸೆಟ್ಟಿನ ಅಡಿಗೆ ಅಷ್ಟಾಗಿ ನುಗ್ಗಲ್ಲ. ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು, ಮಾತ್ರ ಸೋಲಿಸಿತು. ಒಂದು ಕಾಳು ಅಡಿಗೆ ಹೋದರೂ ಕಣ್ಣಲ್ಲಿ ನೀರು. ಮಿಕ್ಸಿಗೆ ಹಾಕಿ ನೋಡಿದೆ, ಅದು ಸೀತನಿಯೇ ಅಲ್ಲ ಬಿಡಿ.

ವರ್ಷ ದಾಟಿದ ಮೇಲೆ ಸೆಟ್ ಮತ್ತೆ ಸಡಿಲವಾಯಿತು. ಹಲ್ಲಿಲ್ಲದ ದವಡೆಯ ಮೂಳೆ ಸವೆಯುತ್ತಾ ಹೋಗುತ್ತದೆ, ಕೆಳದವಡೆಯದು ಜಾಸ್ತಿ. ಹೊಸದೇ ಮಾಡಿಸಿ ಅಂದರು ಒಬ್ಬ ಡಾಕ್ಟರ್. ನಾನು ಬೇರೆ ಕಡೆ ಕೇಳಿ ಹಳೆಯದಕ್ಕೇ ರೀಲೈನ್, ಅಂದರೆ ಒಳಗಡೆ ಹೊಸ ಪದರ, ಮಾಡಿಸಿದೆ, 2,500ರ ಒಳಗೆ ಮುಗಿಯಿತು. ಸೆಟ್ ಲ್ಯಾಬಿಗೆ ಹೋಗಿ ಬರೋವರೆಗೆ ಬರೀ ಮಜ್ಜಿಗೆ ಅನ್ನ, ಅಷ್ಟೇ.