ಹಾಲಿ ಎಲೆ, ಮೂರು ಕೆಂಪು ಹಣ್ಣು: ಮಷಿನ್‌ನಲ್ಲಿ ಕ್ವಿಲ್ಟ್ ಮಾಡಿದ ನನ್ನ ಅನುಭವ

ಎಲೆಗಿಂತ ಹಣ್ಣು ಕಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಲಿ (holly) ಅನ್ನುವುದು ಅಂಚಿಗೆ ಮುಳ್ಳಿರುವ ಎಲೆಯ, ಕೆಂಪು ಹಣ್ಣಿನ ಮರ. ಅದನ್ನು ಕ್ವಿಲ್ಟ್‌ನಲ್ಲಿ, ಅಂದರೆ ಪದರ ಪದರ ಬಟ್ಟೆ ಸೇರಿಸಿ ಹೊಲಿದ ಹಾಸಿನಲ್ಲಿ, ದಾರದಿಂದ ಬಿಡಿಸುವಾಗ ಎಲೆಯ ಮುಳ್ಳು, ಅದರ ಬಾಗು ನೋಡಿ ಎಲ್ಲರೂ ಅಲ್ಲೇ ಹೆದರುತ್ತಾರೆ. ಪಕ್ಕದಲ್ಲಿರುವ ಮೂರು ಪುಟ್ಟ ಹಣ್ಣುಗಳನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನಾನೂ ಇಟ್ಟುಕೊಂಡಿರಲಿಲ್ಲ. ಕೊನೆಗೆ ಎಲೆಗಳು ನಾಲ್ಕು ಸಂಜೆಯಲ್ಲಿ ಮುಗಿದವು, ಹಣ್ಣುಗಳಿಗೆ ಆರು ಸಂಜೆ ಬೇಕಾಯಿತು.

ನಾವಿರುವುದು ಇಂಗ್ಲೆಂಡಿನಲ್ಲಿ, ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಸಣ್ಣ ಊರು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಮರಗಳೆಲ್ಲ ಬೋಳು. ಬೇಲಿ ಸಾಲಿನಲ್ಲಿ ಹಾಲಿ ಗಿಡ ಮಾತ್ರ ಎಣ್ಣೆ ಸವರಿದ ಹಾಗೆ ಹಸಿರಾಗಿ ಮಿಂಚುತ್ತಿರುತ್ತದೆ, ಮೇಲೆ ಕೆಂಪು ಹಣ್ಣಿನ ಗೊಂಚಲು. ಅದಕ್ಕೇ ಕ್ರಿಸ್‌ಮಸ್ ಬಂದರೆ ಬಾಗಿಲಿಗೆ, ಮೇಜಿಗೆ, ಕಾರ್ಡಿಗೆ ಎಲ್ಲ ಕಡೆ ಅದೇ. ನಮಗೆ ಹಬ್ಬ ಅಂದರೆ ಮಾವಿನ ತೋರಣ ಹೇಗೋ, ಇವರಿಗೆ ಇದು ಹಾಗೆ.

ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ನನಗೆ ಕ್ವಿಲ್ಟಿಂಗ್ ಹೇಳಿಕೊಟ್ಟವರು. ಅವರ ಊಟದ ಮೇಜಿಗೆ ಒಂದು ಹಾಲಿ ಹಾಸು ಮಾಡಿಕೊಡಬೇಕು ಅಂತ ಮನಸ್ಸಾಯಿತು. 54 ಇಂಚು ಉದ್ದ, 15 ಇಂಚು ಅಗಲ. ತುಂಡು ಜೋಡಿಸುವ ಕೆಲಸ ಇಲ್ಲ. ಕೆನೆ ಬಣ್ಣದ ಒಂದೇ ಹತ್ತಿ ಬಟ್ಟೆ, ಅದರ ಮೇಲೆ ಚಿತ್ರವೆಲ್ಲ ದಾರದಲ್ಲೇ ಬರಬೇಕು.

ಹೊಲಿಯುವ ಮೊದಲು ಒಂದು ರೆಂಬೆ ತಂದು ಮೇಜಿನ ಮೇಲೆ ಇಟ್ಟುಕೊಂಡೆ. ಇದರಿಂದ ನನಗೆ ಆದ ಲಾಭ ಯಾವ ನಕ್ಷೆಯಿಂದಲೂ ಆಗಲಿಲ್ಲ. ಮನಸ್ಸಿನಲ್ಲಿದ್ದ ಹಾಲಿ ಎಲೆಯ ಅಂಚು ಹೊರಗೆ ಉಬ್ಬಿತ್ತು. ನಿಜವಾದ ಎಲೆಯಲ್ಲಿ ಮುಳ್ಳಿನಿಂದ ಮುಳ್ಳಿಗೆ ಅಂಚು ಒಳಗೆ ಬಾಗುತ್ತದೆ. ಎರಡು ಕಂಬಗಳ ನಡುವೆ ಬಟ್ಟೆ ಒಣಗಿಸುವ ಹಗ್ಗ ಜೋತುಬಿದ್ದಿರುತ್ತದಲ್ವಾ, ಹಾಗೆ. ಈ ಜೋತು ಸರಿ ಬಂದರೆ ಹಾಲಿ. ಬರದಿದ್ದರೆ ಅದು ಬೇರೆ ಯಾವುದೋ ಎಲೆ. ಇನ್ನೊಂದು ವಿಷಯ ಆ ಹಿರಿಯರೇ ತೋರಿಸಿದರು. ಮರದ ಕೆಳಗಿನ ಕೊಂಬೆಗಳ ಎಲೆಗಳಿಗೆ ಮುಳ್ಳು ಜಾಸ್ತಿ, ಎತ್ತರದ ಕೊಂಬೆಗಳಲ್ಲಿ ಎಷ್ಟೋ ಎಲೆಗಳಿಗೆ ಮುಳ್ಳೇ ಇರುವುದಿಲ್ಲ, ಅಂಚು ನಯವಾಗಿರುತ್ತದೆ. ಹಣ್ಣು ಬಿಡುವುದು ಹೆಣ್ಣು ಮರ ಮಾತ್ರ. ಹಾಲಿ ಸೇರಿರುವ ಇದೇ ಇಲೆಕ್ಸ್ ಕುಲದ ಮರಗಳು ನಮ್ಮ ಪಶ್ಚಿಮ ಘಟ್ಟದಲ್ಲೂ ಇವೆ ಅಂತ ಆಮೇಲೆ ಓದಿ ತಿಳಿದಾಗ ನನಗೆ ತುಂಬ ಖುಷಿಯಾಯಿತು.

ನಾನು ಹುಟ್ಟಿದ್ದು ಧಾರವಾಡದ ಕಡೆ. ಹೊದ್ದು ಮಲಗಿದ್ದು ಅಜ್ಜಿಯ ಕೌದಿ. ಹಳೆ ಇಳಕಲ್ ಸೀರೆ, ಧೋತರ, ಅಂಗಿ ಎಲ್ಲ ಪದರ ಪದರವಾಗಿ ಇಟ್ಟು ಕೈಯಲ್ಲೇ ದಾರ ಓಡಿಸುತ್ತಿದ್ದರು. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಿದ್ದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಯೂ ಅಂಚಿನಿಂದಲೇ ಹೊರಟು ನಡುವಿನಲ್ಲಿ ಮುಗಿಯುತ್ತದೆ. ಮಷಿನ್‌ನಲ್ಲಿ ಇದು ಪೂರ್ತಿ ತಿರುಗುಮುರುಗು. ನಡುವಿನಿಂದ ಶುರು ಮಾಡಿ ಅಂಚಿಗೆ ಹೋಗಬೇಕು. ಇಲ್ಲದಿದ್ದರೆ ಬಟ್ಟೆಯ ಸಡಿಲವೆಲ್ಲ ನಡುವೆ ಸೇರಿ ನೆರಿಗೆ ಬೀಳುತ್ತದೆ. ಕೈ ಹೊಲಿಗೆ ನಿಧಾನ, ಪ್ರತಿ ಹೊಲಿಗೆಗೂ ಬೆರಳು ಬಟ್ಟೆಯನ್ನು ಸರಿಪಡಿಸುತ್ತಾ ಹೋಗುತ್ತದೆ. ಮಷಿನ್‌ಗೆ ಅಷ್ಟು ಪುರುಸೊತ್ತು ಇಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಜನೋಮಿ, ಸಾಧಾರಣ ಮನೆ ಮಷಿನ್. ಈ ಕೆಲಸಕ್ಕೆ ಬಟ್ಟೆಯನ್ನು ಎಳೆಯುವ ಅದರ ಹಲ್ಲುಗಳನ್ನು ಕೆಳಗೆ ಇಳಿಸಬೇಕು, ಹೊಲಿಗೆಯ ಉದ್ದ ಸೊನ್ನೆಗೆ ಇಡಬೇಕು, ಮಾಮೂಲಿ ಪಾದ ಬಿಚ್ಚಿ ಡಾರ್ನಿಂಗ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯದ ಪಾದ) ಹಾಕಬೇಕು. ಆಗ ಮಷಿನ್ ಬಟ್ಟೆಯನ್ನು ಎಳೆಯುವುದಿಲ್ಲ. ಸೂಜಿ ನಿಂತಲ್ಲೇ ಮೇಲೆ ಕೆಳಗೆ ಆಡುತ್ತದೆ, ಬಟ್ಟೆಯನ್ನು ಓಡಿಸುವುದು ನಮ್ಮ ಕೈ. ಪೆನ್ನನ್ನು ಅಲುಗಾಡದ ಹಾಗೆ ಹಿಡಿದು ಹಾಳೆಯನ್ನು ಸರಿಸಿ ಸಹಿ ಮಾಡಿ ನೋಡಿ, ಗೊತ್ತಾಗುತ್ತದೆ. ಸೂಜಿ 90/14 ಅಳತೆಯ ಟಾಪ್‌ಸ್ಟಿಚ್, ಅದರ ಕಣ್ಣು ದೊಡ್ಡದು, ದಾರ ಜಜ್ಜುವುದಿಲ್ಲ. ದಾರ 50 ವೇಟ್ ಹತ್ತಿ, ಅಂದರೆ ಸಣ್ಣ ಎಳೆಯದು. ಕೆಳಗಿನ ದಾರದ ಬಾಬಿನ್‌ಗೂ ಅದೇ ಬಣ್ಣ, ಟೆನ್ಷನ್, ಅಂದರೆ ದಾರದ ಬಿಗಿ, ಸ್ವಲ್ಪ ಹೆಚ್ಚುಕಡಿಮೆ ಆದರೂ ಎದ್ದು ಕಾಣಬಾರದು ಅಂತ. ಮೇಲಿನ ಟೆನ್ಷನ್ 4ರಿಂದ 3ಕ್ಕೆ ಇಳಿಸಿದೆ.

ಮೂರು ಪದರ. ಕೆಳಗೆ ಸಣ್ಣ ಹೂವಿನ ಹಸಿರು ಬಟ್ಟೆ, ನಡುವೆ ವ್ಯಾಡಿಂಗ್ ಅನ್ನುವ ಮೆತ್ತನೆ ಹಾಳೆ, ಮೇಲೆ ಕೆನೆ ಬಟ್ಟೆ. ವ್ಯಾಡಿಂಗ್ 80/20 ತೆಗೆದುಕೊಂಡೆ, ಅಂದರೆ 80 ಭಾಗ ಹತ್ತಿ, 20 ಭಾಗ ಪಾಲಿಯೆಸ್ಟರ್. ಬರೀ ಹತ್ತಿಗಿಂತ ಇದು ಸ್ವಲ್ಪ ಉಬ್ಬುತ್ತದೆ, ಹಣ್ಣಿಗೆ ಆ ಉಬ್ಬು ಬೇಕು. ಕೆಳಗಿನ ಬಟ್ಟೆ, ವ್ಯಾಡಿಂಗ್ ಎರಡೂ ಎಲ್ಲ ಕಡೆ ಎರಡೆರಡು ಇಂಚು ದೊಡ್ಡದಾಗಿರಲಿ. ಕೆಳಗಿನ ಬಟ್ಟೆಯನ್ನು ಮೇಜಿಗೆ ಟೇಪ್ ಹಾಕಿ ಬಿಗಿ ಮಾಡಿ, ಅಂಗೈ ಅಗಲಕ್ಕೆ ಒಂದರಂತೆ ಸೇಫ್ಟಿ ಪಿನ್ ಹಾಕಿದೆ. ಪಿನ್ ಹಾಕುವುದಕ್ಕೆ ಬೇಸರ ಪಡಬೇಡಿ.

ನನ್ನಿಂದ ಒಂದು ದೊಡ್ಡ ತಪ್ಪಾಯಿತು. ನೀರಿನಲ್ಲಿ ಹೋಗುವ ನೀಲಿ ಪೆನ್ನಿನಲ್ಲಿ ಬಳ್ಳಿಯ ಗೆರೆ ಎಳೆದಿದ್ದೆ. ಬಟ್ಟೆ ಸ್ವಲ್ಪ ಸುಕ್ಕಾಗಿದೆ ಅಂತ ಹಾಗೇ ಇಸ್ತ್ರಿ ಮಾಡಿಬಿಟ್ಟೆ. ಆ ಪೆನ್ನಿಗೆ ಬಿಸಿ ತಾಗಿದರೆ ಗೆರೆ ಬಟ್ಟೆಯಲ್ಲೇ ಕೂತುಬಿಡುತ್ತದೆ. ತಣ್ಣೀರಿನಲ್ಲಿ ನೆನೆಸಿದೆ, ಮತ್ತೆ ಮತ್ತೆ ನೆನೆಸಿದೆ, ಕಂದು ಬಣ್ಣದ ನೆರಳು ಉಳಿದೇ ಉಳಿಯಿತು. ಒಂದೂವರೆ ಮೀಟರ್ ಒಳ್ಳೆ ಬಟ್ಟೆ ಹೋಯಿತು. ಅವತ್ತು ತುಂಬ ಬೇಜಾರಾಗಿತ್ತು. ಮೊದಲು ಇಸ್ತ್ರಿ, ಆಮೇಲೆ ಗೆರೆ, ಹೊಲಿದು ಮುಗಿದ ಮೇಲೆ ಬರೀ ತಣ್ಣೀರು. ಗೆರೆ ಪೂರ್ತಿ ಹೋಗುವವರೆಗೆ ಬಿಸಿ ಹತ್ತಿರ ಒಯ್ಯಬಾರದು. ಬಿಸಿಗೆ ಮಾಯವಾಗುವ ಇನ್ನೊಂದು ಥರದ ಪೆನ್ನೂ ಇದೆ, ಆದರೆ ಅದರ ಗೆರೆ ಚಳಿಗೆ ವಾಪಸ್ ಬರಬಹುದು. ಈ ದೇಶದ ಚಳಿಯಲ್ಲಿ ನಾನು ಅದನ್ನು ನಂಬುವುದಿಲ್ಲ.

ಎರಡನೇ ಬಟ್ಟೆಯ ಮೇಲೆ ಬಳ್ಳಿಯ ಒಂದೇ ಗೆರೆ ಎಳೆದುಕೊಂಡೆ, ಉದ್ದಕ್ಕೂ ಹಾವಿನ ಹಾಗೆ ಬಳುಕುವ ಗೆರೆ. ಅದರ ಮೇಲೆ 17 ಗೆಣ್ಣು. ಪ್ರತಿ ಗೆಣ್ಣಿಗೆ ಎರಡು ಎಲೆ, ಮೂರು ಹಣ್ಣು. ಎಲೆಗಳನ್ನು ಬರೆದುಕೊಳ್ಳಲಿಲ್ಲ. ಬರೆದ ಗೆರೆಯ ಮೇಲೆ ಹೊಲಿದರೆ ಕಣ್ಣು ಗೆರೆಗೆ ಅಂಟಿಕೊಳ್ಳುತ್ತದೆ, ಕೈ ಬಿಗಿಯಾಗುತ್ತದೆ. ಅದರ ಬದಲು ಒಂದು ವಾರ ಹಾಳೆಯ ಮೇಲೆ ಎಲೆ ಬರೆದೆ. ಕರೆಂಟ್ ಬಿಲ್ ಹಿಂದೆ, ಮಗಳ ಹಳೆ ನೋಟ್‌ಬುಕ್‌ನಲ್ಲಿ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ನಿಯಮ ಒಂದೇ: ಪೆನ್ನು ಎತ್ತಬಾರದು.

ಇಲ್ಲಿ ನನಗೆ ಎಳೆ ರಂಗೋಲಿ ಕೈ ಹಿಡಿಯಿತು. ಚುಕ್ಕಿಗಳ ಸುತ್ತ ಎಳೆ ಎಲ್ಲಿ ಹೊರಟು ಎಲ್ಲಿ ಬಂದು ಸೇರುತ್ತದೆ ಅಂತ ಮೊದಲೇ ನೋಡಿಕೊಂಡು ಕೈ ಇಡುತ್ತೇವಲ್ಲ, ಅದೇ ಲೆಕ್ಕ. ನಾನು ಮೊದಲು ನಡುವಿನ ನರ ಹೊಲಿದು ತುದಿ ಮುಟ್ಟಿ, ಒಂದು ಪಕ್ಕದಲ್ಲಿ ಇಳಿದು, ಇನ್ನೊಂದು ಪಕ್ಕದಲ್ಲಿ ಹತ್ತುತ್ತಿದ್ದೆ. ಆಗ ಎಲೆ ಮುಗಿಯುವ ಹೊತ್ತಿಗೆ ತುದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದೆ, ದಾರ ಕತ್ತರಿಸಬೇಕಾಗುತ್ತಿತ್ತು. ಸರಿಯಾದ ದಾರಿ ಹೀಗೆ: ತೊಟ್ಟಿನಿಂದ ಎಡ ಅಂಚಿನಲ್ಲಿ ಮೂರು ಜೋತು ಹತ್ತಿ ತುದಿಗೆ, ಬಲ ಅಂಚಿನಲ್ಲಿ ಮೂರು ಜೋತು ಇಳಿದು ತೊಟ್ಟಿಗೆ, ಅಲ್ಲಿಂದ ನಡುವಿನ ನರ ಮುಕ್ಕಾಲು ಭಾಗ ಹತ್ತಿ ಅದೇ ಗೆರೆಯ ಮೇಲೆ ವಾಪಸ್. ಈಗ ನೀವು ಮತ್ತೆ ತೊಟ್ಟಿನಲ್ಲಿದ್ದೀರಿ. ಬಳ್ಳಿಯ ಮೇಲೆ ಮುಂದಿನ ಗೆಣ್ಣಿಗೆ ಹೋಗಬಹುದು. ವಾಪಸ್ ಬರುವಾಗ ನರದ ಗೆರೆ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಆಗಲಿ. ಎಲೆಯ ನರ ಬುಡದಲ್ಲಿ ದಪ್ಪ ಇರುವುದೇ ಚೆಂದ.

ಮುಳ್ಳಿನ ತುದಿ ಚೂಪಾಗಿ ಬರಬೇಕು ಅಂದರೆ ಅಲ್ಲಿ ಒಂದು ಗಳಿಗೆ ನಿಲ್ಲಬೇಕು. ಕೈ ನಿಂತು ಕಾಲು ಪೆಡಲ್ ಒತ್ತುತ್ತಲೇ ಇದ್ದರೆ ದಾರ ಒಂದೇ ಕಡೆ ಗಂಟಾಗುತ್ತದೆ. ಕೈ ಓಡುತ್ತಿದ್ದು ಕಾಲು ನಿಂತರೆ ಸೂಜಿ ಬಾಗುತ್ತದೆ, ಮುರಿದರೂ ಮುರಿಯಿತು. ಎರಡೂ ಒಟ್ಟಿಗೆ ನಿಲ್ಲಬೇಕು, ಒಟ್ಟಿಗೆ ಹೊರಡಬೇಕು. ನಾನು ಬಾಯಲ್ಲಿ "ಜೋತು, ಮುಳ್ಳು, ಜೋತು, ಮುಳ್ಳು" ಅಂತ ಹೇಳಿಕೊಂಡೇ ಹೊಲಿದೆ. ಆ ತಾಳದಿಂದ ತುಂಬ ಉಪಯೋಗವಾಯಿತು. ಕಣ್ಣು ಸೂಜಿಯ ಮೇಲೆ ಬೇಡ, ಮುಂದಿನ ಮುಳ್ಳು ಎಲ್ಲಿ ಬರಬೇಕೋ ಅಲ್ಲಿರಲಿ. ಕೈಗೆ ರಬ್ಬರ್ ಬೆರಳಿನ ತೋಟದ ಗ್ಲೌಸ್ ಹಾಕಿಕೊಂಡೆ, ಬಟ್ಟೆ ಜಾರುವುದಿಲ್ಲ.

ಪಾದ ಇಳಿಸಿದ್ದೀನಾ ಅಂತ ಪ್ರತಿ ಸಲ ನೋಡಿಕೊಳ್ಳಿ. ಡಾರ್ನಿಂಗ್ ಫುಟ್ ಬಟ್ಟೆಗೆ ಒತ್ತಿ ಕೂರುವುದಿಲ್ಲ, ಹಾಗಾಗಿ ಇಳಿಸದಿದ್ದರೂ ಇಳಿಸಿದ ಹಾಗೇ ಕಾಣುತ್ತದೆ. ಹೊಲಿದರೆ ಅಡಿಯಲ್ಲಿ ದಾರದ ಗುಬ್ಬಿಗೂಡು. ಶುರುವಿನಲ್ಲಿ ಬಾಬಿನ್ ದಾರವನ್ನು ಮೇಲಕ್ಕೆ ಎಳೆದುಕೊಂಡು, ನಾಲ್ಕೈದು ಪುಟ್ಟ ಹೊಲಿಗೆ ಹಾಕಿ ಆಮೇಲೆ ಹೊರಡಿ.

ಈಗ ಹಣ್ಣು. ಹಸಿರು ಎಲ್ಲ ಮುಗಿಸಿ ಕೆಂಪು ದಾರ ಹಾಕಿದೆ. ಪ್ರತಿ ಗೆಣ್ಣಿನಲ್ಲೂ ಮೂರು ಉರುಟು, ಒಂದೊಂದೂ ಸುಮಾರು ಒಂದು ಸೆಂಟಿಮೀಟರ್. ದೊಡ್ಡ ವೃತ್ತದಲ್ಲಿ ಸಣ್ಣ ಡೊಂಕು ಕಾಣುವುದಿಲ್ಲ. ಇಷ್ಟು ಪುಟ್ಟದರಲ್ಲಿ ಎರಡು ಹೊಲಿಗೆ ತಪ್ಪಿದರೆ ಅದು ಹಣ್ಣಲ್ಲ, ಕಲ್ಲು. ನಾನು ಮಾಡಿದ ಮೊದಲ ಪ್ರಯತ್ನ: ಮೂರು ಹಣ್ಣು ಸೇರುವ ನಡುವಿನ ಒಂದೇ ಬಿಂದುವಿನಿಂದ ಹೊರಟು, ಸುತ್ತಿ, ಅದೇ ಬಿಂದುವಿಗೆ ಬಂದು ಮುಂದಿನದಕ್ಕೆ ಹೋಗುವುದು. ಸುಲಭ ಅನ್ನಿಸಿತು. ಆದರೆ ಒಂದೇ ಬಿಂದುವಿನಿಂದ ಮೂರೂ ಹೊರಟರೆ ಪ್ರತಿಯೊಂದಕ್ಕೂ ಅಲ್ಲಿ ಮೂತಿ ಬರುತ್ತದೆ. ನೋಡಿದರೆ ಮೂರು ಎಸಳಿನ ಹೂವು!

ಮೂರು ಗೋಲಿಗಳನ್ನು ಒತ್ತಿ ಇಟ್ಟು ನೋಡಿದಾಗ ವಿಷಯ ಹೊಳೆಯಿತು. ಗೋಲಿಗಳು ನಡುವೆ ಸೇರುವುದೇ ಇಲ್ಲ, ಅಲ್ಲೊಂದು ಪುಟ್ಟ ಮೂರು ಮೂಲೆಯ ಜಾಗ ಉಳಿಯುತ್ತದೆ. ಒಂದು ಗೋಲಿ ಇನ್ನೊಂದನ್ನು ಮುಟ್ಟುವುದು ಪಕ್ಕದಲ್ಲಿ. ಹಾಗಾಗಿ ಮೊದಲ ಹಣ್ಣನ್ನು ಪೂರ್ತಿ ಸುತ್ತಬೇಕು. ನಿಲ್ಲಿಸದೆ ಅದೇ ಗೆರೆಯ ಮೇಲೆ ಇನ್ನೂ ಸ್ವಲ್ಪ ಮುಂದೆ ಹೋಗಿ, ಎರಡನೇ ಹಣ್ಣು ತಾಗಬೇಕಾದ ಜಾಗ ಮುಟ್ಟಬೇಕು. ಅಲ್ಲಿಂದ ದಿಕ್ಕು ಬದಲಿಸಿ ಎರಡನೆಯದನ್ನು ಸುತ್ತಬೇಕು, 8 ಬರೆಯುವ ಹಾಗೆ. ಮೂರನೆಯದೂ ಹಾಗೆಯೇ. ಗೆರೆ ಅಲ್ಲಲ್ಲಿ ಎರಡು ಸಲ ಬೀಳುತ್ತದೆ, ಹಣ್ಣಿನ ಅಂಚು ದಪ್ಪವಾಗಿ ಇನ್ನೂ ಚೆನ್ನಾಗಿ ಕಾಣುತ್ತದೆ. 51 ಹಣ್ಣು. ಕೊನೆಯ ಇಪ್ಪತ್ತು ನಿಜಕ್ಕೂ ಉರುಟಾಗಿ ಬಂದವು. ಮೊದಲಿನ ಒಂಬತ್ತನ್ನು ಬಿಚ್ಚಿ ಮತ್ತೆ ಹೊಲಿದೆ.

ಬಿಚ್ಚಿದ್ದಕ್ಕೆ ಇನ್ನೊಂದು ಕಾರಣ ಹಿಂಬದಿ. ತಿರುಗಿಸಿ ನೋಡಿದರೆ ಪ್ರತಿ ಉರುಟಿನ ಹೊರ ಅಂಚಿಗೆ ದಾರ ಕಣ್ಣಿನ ರೆಪ್ಪೆಗೂದಲ ಹಾಗೆ ಸಾಲಾಗಿ ನಿಂತಿತ್ತು. ತಿರುವಿನಲ್ಲಿ ಕೈ ವೇಗವಾಗಿ ಓಡಿದರೆ ಮೇಲಿನ ದಾರ ಕೆಳಗಿನ ದಾರವನ್ನು ಸರಿಯಾಗಿ ಹಿಡಿಯುವ ಮೊದಲೇ ಬಟ್ಟೆ ಸರಿದುಹೋಗುತ್ತದೆ. ಸುಮ್ನೆ ಟೆನ್ಷನ್ ತಿರುಗಿಸುತ್ತಾ ಕೂತರೆ ಇದು ಸರಿಹೋಗುವುದಿಲ್ಲ. ತಿರುವಿನಲ್ಲಿ ಕೈ ನಿಧಾನ ಮಾಡಬೇಕು, ಮಷಿನ್ ಒಂದೇ ಸಮ ಗುನುಗುತ್ತಿರಬೇಕು. ಇಂಚಿಗೆ ಹತ್ತು ಹೊಲಿಗೆ ಬಂದರೆ ನನಗೆ ತೃಪ್ತಿ. ಪುಟ್ಟ ಹಣ್ಣಿನಲ್ಲಿ ಇನ್ನೂ ಒತ್ತಾಗಿ ಬರಲಿ.

ಆಮೇಲೆ ಕೆನೆ ದಾರದಲ್ಲಿ ಹಿನ್ನೆಲೆ. ಎಲೆ, ಹಣ್ಣುಗಳನ್ನು ಬಿಟ್ಟು ಉಳಿದ ಜಾಗಕ್ಕೆಲ್ಲ ಅಂಕುಡೊಂಕು ಗೆರೆಯಲ್ಲಿ ಒತ್ತಾಗಿ ಹೊಲಿಗೆ ತುಂಬಿಸಿದೆ. ಹೊಲಿಗೆ ಬಿದ್ದ ಜಾಗ ಅದುಮಿ ಕೂರುತ್ತದೆ, ಹೊಲಿಯದೆ ಬಿಟ್ಟದ್ದು ಮೇಲೆ ಏಳುತ್ತದೆ. ಹಣ್ಣಿನ ಒಳಗೆ ನಾನು ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಸುತ್ತಲಿನ ಹಿನ್ನೆಲೆ ಅದುಮಿದಷ್ಟೂ ಹಣ್ಣು ಉಬ್ಬುತ್ತಾ ಬಂತು. ಬೆರಳಿಟ್ಟರೆ ಉರುಟಾಗಿ ಸಿಗುತ್ತಿತ್ತು. ಹಿನ್ನೆಲೆ ಬೇಸರದ ಕೆಲಸ ಅಂತ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ, ಹಣ್ಣಿಗೆ ಜೀವ ಬರುವುದೇ ಅದರಿಂದ.

ಅಂಚಿಗೆ ಕೆಂಪು ಪಟ್ಟಿ, ಎರಡೂವರೆ ಇಂಚು ಅಗಲ ಕತ್ತರಿಸಿ ಮಡಚಿ ಹೊಲಿದದ್ದು. ಕೆಂಪು ಅಂದಮೇಲೆ ಬಣ್ಣ ಬಿಡುವ ಭಯ ಇದ್ದೇ ಇರುತ್ತದೆ. ಅಜ್ಜಿಗೆ ಈ ಚಿಂತೆಯೇ ಇರಲಿಲ್ಲ, ಕೌದಿಗೆ ಬರುವ ಸೀರೆ ಅಷ್ಟರಲ್ಲಿ ಎಷ್ಟೋ ವರ್ಷ ಒಗೆಸಿಕೊಂಡಿರುತ್ತಿತ್ತು. ನಾನು ಹೊಸ ಬಟ್ಟೆಯನ್ನು ಒದ್ದೆ ಮಾಡಿ ಬಿಳಿ ಕರವಸ್ತ್ರಕ್ಕೆ ಒತ್ತಿ ನೋಡಿದೆ. ಮೊದಲ ಸಲ ಕರವಸ್ತ್ರ ಗುಲಾಬಿಯಾಯಿತು. ಕೆಂಪು ಬಟ್ಟೆಯೊಂದನ್ನೇ ಬೇರೆಯಾಗಿ ಮೂರು ಸಲ ತೊಳೆದ ಮೇಲೆ ಕರವಸ್ತ್ರ ಬೆಳ್ಳಗೇ ಉಳಿಯಿತು, ಆಮೇಲೆ ಪಟ್ಟಿ ಕತ್ತರಿಸಿದೆ.

ಪೂರ್ತಿ ಹಾಸನ್ನು ತಣ್ಣೀರಿನಲ್ಲಿ ಅದ್ದಿದಾಗ ಬಳ್ಳಿಯ ನೀಲಿ ಗೆರೆ ಕರಗಿಹೋಯಿತು. ಟವೆಲ್ ಮೇಲೆ ಚಪ್ಪಟೆಯಾಗಿ ಹರಡಿ, ನಾಲ್ಕೂ ಮೂಲೆ ನೇರ ಮಾಡಿ ಪಿನ್ ಹಾಕಿ ಒಣಗಿಸಿದೆ. ಒಣಗಿದ ಮೇಲೆ ಅಳೆದರೆ 54 ಇಂಚು ಇದ್ದದ್ದು ಐವತ್ತೆರಡೂವರೆ ಆಗಿತ್ತು. ಒತ್ತಾಗಿ ಹೊಲಿದಾಗ ಒಂದಿಷ್ಟು ಕುಗ್ಗಿ, ಒದ್ದೆಯಾದಾಗ ಹತ್ತಿ ಇನ್ನಷ್ಟು ಕುಗ್ಗುತ್ತದೆ. ಅಳತೆ ಸರಿಯಾಗಿ ಬೇಕಿದ್ದರೆ ಮೊದಲೇ ಒಂದೆರಡು ಇಂಚು ಜಾಸ್ತಿ ಇಟ್ಟುಕೊಳ್ಳಿ.

ಕೊಟ್ಟಾಗ ಆ ಹಿರಿಯರು ಮೊದಲು ಹಾಸನ್ನು ತಿರುಗಿಸಿ ಹಿಂಬದಿ ನೋಡಿದರು. ಹೊಲಿಯುವವರೆಲ್ಲ ಹಾಗೇ ಅಲ್ವಾ. ಆಮೇಲೆ ಮುಂಬದಿಯಲ್ಲಿ ಬಳ್ಳಿಯ ಉದ್ದಕ್ಕೂ ಬೆರಳು ಓಡಿಸುತ್ತಾ ತುದಿಗೆ ಬಂದು, ಅಲ್ಲಿ ನಾನು ಮುಳ್ಳಿಲ್ಲದೆ ಹೊಲಿದಿದ್ದ ಎರಡು ನಯವಾದ ಎಲೆಗಳ ಹತ್ತಿರ ನಿಲ್ಲಿಸಿದರು. "ಮೇಲಿನ ಕೊಂಬೆ" ಅಂದರು. ಆ ಹಾಸು ಈಗ ಮೂರು ಸಲ ಒಗೆತ ಕಂಡಿದೆ, ಒಮ್ಮೆ ಗ್ರೇವಿ ಚೆಲ್ಲಿದ್ದಕ್ಕೂ ಸೇರಿ. ಕೆಂಪು ಬಿಟ್ಟಿಲ್ಲ. ಹಣ್ಣುಗಳು ಮೊದಲಿಗಿಂತ ಇನ್ನೂ ಉಬ್ಬಿಕೊಂಡಿವೆ.