ಹೊಸ ಗೇಮ್ ಕನ್ಸೋಲ್‌ಗೆ ಬದಲಾಗುವುದು ಹೇಗೆ: ಸೇವ್ ಫೈಲ್‌ಗಳನ್ನು ಕಳೆದುಕೊಳ್ಳದೆ ಸಾಗುವ ಕ್ರಮ

ಹಳೆಯ ಗೇಮ್ ಕನ್ಸೋಲ್‌ನಿಂದ ಹೊಸದಕ್ಕೆ ಹೋಗುವಾಗ ಕಳೆದುಹೋದರೆ ಮತ್ತೆ ಸಿಗದ ವಸ್ತು ಒಂದೇ ಒಂದು, ಅದು ಸೇವ್ ಫೈಲ್, ಅಂದರೆ ಆಟದಲ್ಲಿ ನೀವು ಎಲ್ಲಿಯ ತನಕ ಬಂದಿದ್ದೀರಿ ಎಂಬ ದಾಖಲೆ. ಆಟವನ್ನು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದು, ಡಿಸ್ಕ್ ಇದ್ದರೆ ಮತ್ತೆ ಇನ್‌ಸ್ಟಾಲ್ ಮಾಡಬಹುದು, ಕಂಟ್ರೋಲರ್ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ತಿಂಗಳುಗಟ್ಟಲೆ ಆಡಿ ಬೆಳೆಸಿದ ಪಾತ್ರವಾಗಲಿ, ಮುಕ್ಕಾಲು ಪಾಲು ಮುಗಿಸಿದ ಕಥೆಯಾಗಲಿ ಯಾವ ಅಂಗಡಿಯಲ್ಲೂ ದೊರೆಯುವುದಿಲ್ಲ. ಆದ್ದರಿಂದ ಇಲ್ಲಿ ಸೂಚಿಸುವ ಕ್ರಮವೆಲ್ಲ ಒಂದು ನಿಯಮದ ಮೇಲೆ ನಿಂತಿದೆ: ಹೊಸ ಯಂತ್ರದಲ್ಲಿ ನಿಮ್ಮ ಮುಖ್ಯ ಆಟಗಳ ಸೇವ್ ತೆರೆದು, ನಿಲ್ಲಿಸಿದ್ದ ಜಾಗದಿಂದಲೇ ಆಟ ಮುಂದುವರಿಯುತ್ತದೆ ಎಂಬುದನ್ನು ಕಣ್ಣಾರೆ ನೋಡುವ ತನಕ ಹಳೆಯ ಯಂತ್ರವನ್ನು ಅಳಿಸಬಾರದು, ಮಾರಬಾರದು, ಯಾರಿಗೂ ಕೊಡಬಾರದು. ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವ ವಿನಿಮಯ ಯೋಜನೆ ಎಷ್ಟೇ ಆಕರ್ಷಕವಾಗಿ ಕಂಡರೂ, ಎರಡೂ ಯಂತ್ರಗಳು ಕೆಲವು ದಿನ ಒಟ್ಟಿಗೆ ನಿಮ್ಮ ಬಳಿ ಇರುವಂತೆ ಏರ್ಪಾಡು ಮಾಡಿಕೊಳ್ಳಿ.

ಯಾವುದರಿಂದ ಯಾವುದಕ್ಕೆ

ಎಲ್ಲ ಬದಲಾವಣೆಗಳೂ ಒಂದೇ ತೂಕದವಲ್ಲ. 2013ರ ಪ್ಲೇಸ್ಟೇಷನ್ 4ರಿಂದ 2020ರ ಪ್ಲೇಸ್ಟೇಷನ್ 5ಕ್ಕೆ ಹೋಗುವವರಿಗೆ ಕಾಣುವ ಅತಿ ದೊಡ್ಡ ವ್ಯತ್ಯಾಸ ಚಿತ್ರದ ಅಂದಕ್ಕಿಂತ ಹೆಚ್ಚಾಗಿ ಕಾಯುವಿಕೆಯಲ್ಲಿದೆ. ಪ್ಲೇಸ್ಟೇಷನ್ 5ರ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ಕೊಟ್ಟ ವಿವರಣೆಯ ಪ್ರಕಾರ, ಹಳೆಯ ಯಂತ್ರದ ಹಾರ್ಡ್ ಡಿಸ್ಕ್ 1 ಜಿಬಿ ದತ್ತಾಂಶವನ್ನು ಓದಲು ಸುಮಾರು 20 ಸೆಕೆಂಡ್ ತೆಗೆದುಕೊಂಡರೆ, ಹೊಸ ಯಂತ್ರದ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಸಂಗ್ರಹ) 2 ಜಿಬಿಯನ್ನು ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಓದಿ ಮುಗಿಸುತ್ತದೆ. ಈ ಲಾಭ ಎಷ್ಟೇ ಹಳೆಯ ಟಿವಿ ಇದ್ದವರಿಗೂ ಸಿಗುತ್ತದೆ. ಎಕ್ಸ್‌ಬಾಕ್ಸ್ ಒನ್‌ನಿಂದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅಥವಾ ಸೀರೀಸ್ ಎಸ್‌ಗೆ ಹೋಗುವವರ ಅನುಭವವೂ ಬಹುಮಟ್ಟಿಗೆ ಇದೇ.

ಈಗಾಗಲೇ ಪ್ಲೇಸ್ಟೇಷನ್ 5 ಇಟ್ಟುಕೊಂಡವರು 2024ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊ ಕೊಳ್ಳಬೇಕೇ ಎಂಬುದು ಬೇರೆಯದೇ ಪ್ರಶ್ನೆ. ಅದರ ಗ್ರಾಫಿಕ್ಸ್ ಭಾಗ ಹೆಚ್ಚು ಬಲವಾದದ್ದು, ಒಳಗೆ 2 ಟಿಬಿ ಸಂಗ್ರಹವೂ ಇದೆ. ಆದರೆ ಆಡುವ ಆಟಗಳು, ಕಂಟ್ರೋಲರ್, ಮೆನು ಎಲ್ಲವೂ ಅವೇ. ದೊಡ್ಡ 4ಕೆ ಟಿವಿಯ ಹತ್ತಿರ ಕೂತು ಆಡುವವರು ಮತ್ತು ಚಿತ್ರದ ಸ್ಪಷ್ಟತೆ, ವೇಗ ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕಾಗಿ ಬಂದಾಗಲೆಲ್ಲ ಬೇಸರಪಡುವವರು ಅದನ್ನು ಪರಿಗಣಿಸಬಹುದು. 1080ಪಿ, ಅಂದರೆ 4ಕೆಗಿಂತ ಕಡಿಮೆ ಸ್ಪಷ್ಟತೆಯ ಟಿವಿಯಲ್ಲಿ ಆಡುವವರಿಗೆ ನನ್ನ ಸ್ಪಷ್ಟ ಅಭಿಪ್ರಾಯವೆಂದರೆ, ಆ ಹಣವನ್ನು ಮೊದಲು ಟಿವಿಗೆ ಹಾಕುವುದೇ ಸರಿ.

ಕೊಳ್ಳುವ ಮುನ್ನ ನಿಮ್ಮ ಕಪಾಟಿನಲ್ಲಿರುವ ಡಿಸ್ಕ್‌ಗಳನ್ನೊಮ್ಮೆ ನೋಡಿಕೊಳ್ಳಿ. ಪ್ಲೇಸ್ಟೇಷನ್ 5ರ ಡಿಜಿಟಲ್ ಮಾದರಿಯಲ್ಲೂ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲೂ ಡಿಸ್ಕ್ ಹಾಕುವ ಜಾಗವೇ ಇಲ್ಲ. ಪ್ಲೇಸ್ಟೇಷನ್ 5 ಪ್ರೊ ಕೂಡ ಡಿಸ್ಕ್ ಡ್ರೈವ್ ಇಲ್ಲದೆಯೇ ಬರುತ್ತದೆ. ಪ್ರೊ ಮಾದರಿಗೂ 2023ರಿಂದ ಮಾರಾಟವಾಗುತ್ತಿರುವ ತೆಳು ಡಿಜಿಟಲ್ ಮಾದರಿಗೂ ಡ್ರೈವನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಿಕೊಳ್ಳಬಹುದು, ಆದರೆ ಮೊದಲ ಸಲ ಜೋಡಿಸುವಾಗ ಇಂಟರ್‌ನೆಟ್ ಸಂಪರ್ಕ ಇರಲೇಬೇಕು. ಪ್ಲೇಸ್ಟೇಷನ್ 4ರ ಡಿಸ್ಕ್ ಕೊಂಡವರಿಗೆ ಕೆಲವು ಆಟಗಳ ಪ್ಲೇಸ್ಟೇಷನ್ 5 ಆವೃತ್ತಿ ಉಚಿತವಾಗಿ ದೊರೆಯುತ್ತದೆ. ಆದರೆ ಆ ಸೌಲಭ್ಯ ಡಿಸ್ಕ್‌ಗೆ ಕಟ್ಟುಬಿದ್ದಿರುವುದರಿಂದ ಪ್ರತಿ ಸಲ ಆಡುವಾಗಲೂ ಡಿಸ್ಕ್ ಯಂತ್ರದೊಳಗೆ ಇರಬೇಕಾಗುತ್ತದೆ. ಡ್ರೈವ್ ಇಲ್ಲದ ಯಂತ್ರ ಕೊಂಡರೆ ಅಂಥ ಆಟಗಳನ್ನೆಲ್ಲ ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕಾಗಿ ಬರುತ್ತದೆ, ಆಗ ಅಗ್ಗದ ಮಾದರಿ ಅಗ್ಗವಾಗಿ ಉಳಿಯುವುದಿಲ್ಲ. ಪ್ಲೇಸ್ಟೇಷನ್ 3 ಮತ್ತು ಅದಕ್ಕಿಂತ ಹಳೆಯ ಡಿಸ್ಕ್‌ಗಳು ಡ್ರೈವ್ ಇರುವ ಪ್ಲೇಸ್ಟೇಷನ್ 5ರಲ್ಲೂ ಓಡುವುದಿಲ್ಲ.

ಟಿವಿಯ ಕಡೆಯ ಕೆಲಸ

ಹೊಸ ಯಂತ್ರ ಬಂದ ಮೇಲೂ ಚಿತ್ರ ಹಳೆಯದರಂತೆಯೇ ಕಾಣುತ್ತದೆ ಎಂದು ದೂರುವವರಲ್ಲಿ ಅನೇಕರು ಟಿವಿಯ ಸೆಟ್ಟಿಂಗ್ಸ್ ಮುಟ್ಟಿಯೇ ಇರುವುದಿಲ್ಲ. 4ಕೆ ಚಿತ್ರವನ್ನು ಸೆಕೆಂಡಿಗೆ 120 ಫ್ರೇಮ್ ವೇಗದಲ್ಲಿ ನೋಡಲು ಟಿವಿಯಲ್ಲಿ ಎಚ್‌ಡಿಎಂಐ 2.1 ಪೋರ್ಟ್ ಇರಬೇಕು, ಕೇಬಲ್ಲೂ ಅದಕ್ಕೆ ತಕ್ಕದ್ದಾಗಿರಬೇಕು. ಹಳೆಯ ಎಚ್‌ಡಿಎಂಐ 2.0 ಸೆಕೆಂಡಿಗೆ 18 ಗಿಗಾಬಿಟ್‌ವರೆಗೆ ಸಾಗಿಸಿದರೆ 2.1ರ ಮಿತಿ 48 ಗಿಗಾಬಿಟ್. ಆದ್ದರಿಂದ ಹಳೆಯ ಕೇಬಲ್ ಹೇಗೂ ಗೋಡೆಯ ಹಿಂದೆ ಎಳೆದಾಗಿದೆಯಲ್ಲ ಎಂದು ಅದನ್ನೇ ಉಳಿಸಿಕೊಳ್ಳದೆ, ಪೆಟ್ಟಿಗೆಯಲ್ಲಿ ಬಂದ ಕೇಬಲ್ಲನ್ನೇ ಬಳಸಿ. ಟಿವಿಯ ಹಿಂಭಾಗದ ಎಲ್ಲ ಪೋರ್ಟ್‌ಗಳೂ ಒಂದೇ ಸಾಮರ್ಥ್ಯದವಾಗಿರುವುದಿಲ್ಲ. ಕೆಲವು ಟಿವಿಗಳಲ್ಲಿ ಒಂದು ಅಥವಾ ಎರಡು ಪೋರ್ಟ್‌ಗಳಿಗೆ ಮಾತ್ರ 120 ಹರ್ಟ್ಸ್ (ಸೆಕೆಂಡಿಗೆ 120 ಫ್ರೇಮ್) ಸೌಲಭ್ಯವಿದ್ದು, ಅದನ್ನು ಪೋರ್ಟಿನ ಪಕ್ಕದಲ್ಲೇ ಮುದ್ರಿಸಿರುತ್ತಾರೆ. ಸರಿಯಾದ ಪೋರ್ಟಿಗೆ ಹಾಕಿದ ಮೇಲೂ ಆ ಪೋರ್ಟಿನ ಸಿಗ್ನಲ್ ಆಯ್ಕೆಯನ್ನು ಟಿವಿಯ ಮೆನುವಿನಲ್ಲಿ ಸಾಮಾನ್ಯದಿಂದ ಎನ್‌ಹ್ಯಾನ್ಸ್ಡ್‌ಗೆ ಬದಲಿಸಬೇಕಾಗಬಹುದು. ಗೇಮ್ ಮೋಡ್ ಆನ್ ಮಾಡುವುದನ್ನೂ ಮರೆಯಬೇಡಿ, ಏಕೆಂದರೆ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಪಾತ್ರ ಅಲುಗಾಡುವುದಕ್ಕೂ ನಡುವಿನ ತಡವನ್ನು ಕಡಿಮೆ ಮಾಡುವುದು ಅದೇ.

ಹಳೆಯ ಯಂತ್ರದಲ್ಲಿ ಮಾಡಬೇಕಾದ ಸಿದ್ಧತೆ

ಮೊದಲ ಕೆಲಸ ಖಾತೆಯದು. ಹಳೆಯ ಯಂತ್ರ ಎಂದೋ ಒಮ್ಮೆ ಲಾಗಿನ್ ಆಗಿ ಹಾಗೆಯೇ ಉಳಿದಿರುತ್ತದೆ. ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ, ಖಾತೆಗೆ ಕೊಟ್ಟಿದ್ದ ಇಮೇಲ್ ಕೂಡ ಈಗ ಬಳಕೆಯಲ್ಲಿರುವುದಿಲ್ಲ. ಹೊಸ ಯಂತ್ರದ ಪೆಟ್ಟಿಗೆ ಒಡೆಯುವ ಮೊದಲೇ ಫೋನ್ ಅಥವಾ ಕಂಪ್ಯೂಟರಿನಲ್ಲಿ ಅದೇ ಖಾತೆಗೆ ಲಾಗಿನ್ ಆಗಿ ನೋಡಿ, ಇಮೇಲ್ ಬದಲಾಗಿದ್ದರೆ ಸರಿಪಡಿಸಿ, ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ, ಅದು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಹೊಸ ಯಂತ್ರದಲ್ಲಿ ಹೊಸ ಖಾತೆ ತೆರೆಯುವ ಆತುರ ಬೇಡ. ನೀವು ಕೊಂಡ ಡಿಜಿಟಲ್ ಆಟಗಳು, ಟ್ರೋಫಿಗಳು (ಆಟದೊಳಗಿನ ಸಾಧನೆಗೆ ಸಿಗುವ ಗುರುತುಗಳು), ಸೇವ್‌ಗಳು ಎಲ್ಲವೂ ಹಳೆಯ ಖಾತೆಗೆ ಸೇರಿದವು.

ಎರಡನೆಯದಾಗಿ, ಹಳೆಯ ಯಂತ್ರದ ಸಿಸ್ಟಮ್ ಸಾಫ್ಟ್‌ವೇರನ್ನೂ ಮುಖ್ಯ ಆಟಗಳನ್ನೂ ಅಪ್‌ಡೇಟ್ ಮಾಡಿ, ಟ್ರೋಫಿಗಳನ್ನು ಸಿಂಕ್ ಮಾಡಿಕೊಳ್ಳಿ. ಬಳಿಕ ಸೇವ್‌ಗಳ ಪ್ರತಿಯನ್ನು ಯಂತ್ರದ ಹೊರಗೆ ಇನ್ನೊಂದು ಕಡೆ ಇಡಬೇಕು. ಪ್ಲೇಸ್ಟೇಷನ್ 4ರಲ್ಲಿ ಇದಕ್ಕೆ ಎರಡು ದಾರಿಗಳಿವೆ: ಪ್ಲೇಸ್ಟೇಷನ್ ಪ್ಲಸ್ ಚಂದಾದಾರರು ಕ್ಲೌಡ್‌ಗೆ ಅಪ್‌ಲೋಡ್ ಮಾಡಬಹುದು, ಚಂದಾ ಇಲ್ಲದವರು ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಸೆಟ್ಟಿಂಗ್ಸ್‌ನಿಂದಲೇ ನಕಲು ಮಾಡಿಕೊಳ್ಳಬಹುದು. ಈ ಎರಡನೆಯ ದಾರಿಯನ್ನು ಈಗಲೇ ಬಳಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಪ್ಲೇಸ್ಟೇಷನ್ 5ರ ಆಟಗಳ ಸೇವ್‌ಗಳನ್ನು ಹಾಗೆ ಒಂದೊಂದಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಲು ಬರುವುದಿಲ್ಲ.

ಸಾಗಿಸುವ ಹೊತ್ತು

ಪ್ಲೇಸ್ಟೇಷನ್ 4ರಿಂದ 5ಕ್ಕೆ ನೇರವಾಗಿ ಸಾಗಿಸಲು ಎರಡೂ ಯಂತ್ರಗಳನ್ನು ಒಂದೇ ನೆಟ್‌ವರ್ಕ್‌ಗೆ ಸೇರಿಸಿ, ಎರಡರಲ್ಲೂ ಒಂದೇ ಖಾತೆಯಿಂದ ಲಾಗಿನ್ ಆಗಿ. ವೈಫೈಯಲ್ಲೂ ಕೆಲಸ ಆಗುತ್ತದೆ, ಆದರೆ ಎರಡನ್ನೂ ಲ್ಯಾನ್ ಕೇಬಲ್‌ನಿಂದ ರೌಟರ್‌ಗೆ ಜೋಡಿಸಿದರೆ ವೇಗ ಎಷ್ಟೋ ಹೆಚ್ಚು. ಹೊಸ ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸಿಸ್ಟಮ್ ಸಾಫ್ಟ್‌ವೇರ್, ಅದರೊಳಗೆ ಡೇಟಾ ಟ್ರಾನ್ಸ್‌ಫರ್ ಆರಿಸಿಕೊಳ್ಳಿ. ಹೊಸ ಯಂತ್ರವು ಹಳೆಯದನ್ನು ಹುಡುಕಿಕೊಂಡ ಮೇಲೆ, ಹಳೆಯದರ ಪವರ್ ಬಟನ್ನನ್ನು ಬೀಪ್ ಸದ್ದು ಕೇಳುವ ತನಕ ಒಂದು ಸೆಕೆಂಡಿಗೂ ಮೇಲೆ ಒತ್ತಿ ಹಿಡಿಯಲು ಸೂಚಿಸುತ್ತದೆ. ಆಮೇಲೆ ಯಾವ ಆಟ, ಯಾವ ಸೇವ್ ಬೇಕು ಎಂಬ ಪಟ್ಟಿ ಬರುತ್ತದೆ. ಇಲ್ಲಿ ಎಲ್ಲವನ್ನೂ ಟಿಕ್ ಮಾಡುವ ಬದಲು ಸೇವ್‌ಗಳನ್ನಷ್ಟೇ ಪೂರ್ತಿ ಆರಿಸಿ, ಆಟಗಳಲ್ಲಿ ಈಗ ಆಡುತ್ತಿರುವ ಕೆಲವನ್ನು ಮಾತ್ರ ತೆಗೆದುಕೊಳ್ಳಿ. ಪ್ಲೇಸ್ಟೇಷನ್ 4ರ ಆಟಗಳು ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಅವನ್ನು ಸಾಗಿಸುವ ಅಗತ್ಯವೇ ಇಲ್ಲ; ಆ ಡಿಸ್ಕನ್ನು ಹಳೆಯದರಿಂದ ಕ್ರಮಬದ್ಧವಾಗಿ ಕಳಚಿ ಹೊಸದಕ್ಕೆ ಸಿಕ್ಕಿಸಿದರೆ ಆಟಗಳು ಅಲ್ಲಿಂದಲೇ ಓಡುತ್ತವೆ.

ಹೆಚ್ಚು ಜನ ಎಡವುವುದು ಇದರ ನಂತರ. ಒಂದೇ ಆಟದ ಪ್ಲೇಸ್ಟೇಷನ್ 4 ಆವೃತ್ತಿ, ಪ್ಲೇಸ್ಟೇಷನ್ 5 ಆವೃತ್ತಿ ಎರಡೂ ಇದ್ದಾಗ, ಹಳೆಯ ಸೇವ್ ಹೊಸ ಯಂತ್ರಕ್ಕೆ ಬಂದ ಮಾತ್ರಕ್ಕೆ ಹೊಸ ಆವೃತ್ತಿ ಅದನ್ನು ತಾನಾಗಿ ಓದಿಬಿಡುತ್ತದೆ ಎಂದು ಭಾವಿಸಬಾರದು. ಉದಾಹರಣೆಗೆ ಫೈನಲ್ ಫ್ಯಾಂಟಸಿ 7 ರೀಮೇಕ್ ಆಟದಲ್ಲಿ, ಪ್ಲೇಸ್ಟೇಷನ್ 4 ಆವೃತ್ತಿಯನ್ನು ಅಪ್‌ಡೇಟ್ ಮಾಡಿ, ಅದರ ಮೆನುವಿನಿಂದಲೇ ಸೇವನ್ನು ಅಪ್‌ಲೋಡ್ ಮಾಡಿ, ನಂತರ ಪ್ಲೇಸ್ಟೇಷನ್ 5 ಆವೃತ್ತಿಯ ಮೆನುವಿನಿಂದ ಅದನ್ನು ಇಳಿಸಿಕೊಳ್ಳಬೇಕು. ಹೊಸ ಆವೃತ್ತಿ ತೆರೆದು ‘ನ್ಯೂ ಗೇಮ್’ ಒಂದೇ ಕಂಡರೆ ಗಾಬರಿಯಾಗಬೇಡಿ. ಹಳೆಯ ಆವೃತ್ತಿಯ ಮೆನುವಿನಲ್ಲಿ ಅಪ್‌ಲೋಡ್ ಅಥವಾ ಎಕ್ಸ್‌ಪೋರ್ಟ್ ಎಂಬ ಆಯ್ಕೆ ಇದೆಯೇ ಎಂದು ಹುಡುಕಿ. ಆ ಆಯ್ಕೆ ಸಿಗಬೇಕಾದರೆ ಹಳೆಯ ಸೇವ್ ಎಲ್ಲಾದರೂ ಜೀವಂತವಾಗಿ ಇರಬೇಕು ಎಂಬುದೇ ಮೊದಲು ಹೇಳಿದ ನಿಯಮಕ್ಕೆ ಕಾರಣ.

ಎಕ್ಸ್‌ಬಾಕ್ಸ್‌ನಲ್ಲಿ ಈ ಕೆಲಸ ಎಲ್ಲಕ್ಕಿಂತ ಸುಲಭ. ಅಲ್ಲಿ ಸೇವ್‌ಗಳು ಚಂದಾ ಇಲ್ಲದೆಯೇ ಕ್ಲೌಡ್‌ಗೆ ಹೋಗುತ್ತವೆ, ಹೊಸ ಯಂತ್ರದಲ್ಲಿ ಅದೇ ಖಾತೆ ಹಾಕಿ ಆಟ ತೆರೆದರೆ ತಾವಾಗಿ ಇಳಿಯುತ್ತವೆ. ಹಳೆಯ ಯಂತ್ರ ಬಹುಕಾಲ ಇಂಟರ್‌ನೆಟ್ ಇಲ್ಲದೆ ಇದ್ದಿದ್ದರೆ ಮಾತ್ರ, ಅದನ್ನು ಒಮ್ಮೆ ಆನ್‌ಲೈನ್‌ಗೆ ತಂದು ಸಿಂಕ್ ಆಗಲು ಬಿಡಬೇಕು. ಹಳೆಯ ಕಂಟ್ರೋಲರ್‌ಗಳೂ ಹೊಸ ಯಂತ್ರದಲ್ಲಿ ನಡೆಯುತ್ತವೆ, ಕಿನೆಕ್ಟ್ ಎಂಬ ಚಲನೆ ಗುರುತಿಸುವ ಕ್ಯಾಮೆರಾ ಮಾತ್ರ ನಡೆಯುವುದಿಲ್ಲ. ಪ್ಲೇಸ್ಟೇಷನ್‌ನಲ್ಲಿ ಹಾಗಲ್ಲ: ಹಳೆಯ ಡ್ಯುಯಲ್‌ಶಾಕ್ 4 ಕಂಟ್ರೋಲರ್‌ನಿಂದ ಹೊಸ ಯಂತ್ರದಲ್ಲಿ ಪ್ಲೇಸ್ಟೇಷನ್ 4ರ ಆಟಗಳನ್ನು ಆಡಬಹುದೇ ಹೊರತು ಪ್ಲೇಸ್ಟೇಷನ್ 5ರ ಆಟಗಳನ್ನಲ್ಲ.

ನಿಂಟೆಂಡೊ ಸ್ವಿಚ್‌ನಿಂದ 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ಕ್ಕೆ ಹೋಗುವವರು ಹೆಚ್ಚಿನ ಎಚ್ಚರ ವಹಿಸಬೇಕು. ಹಳೆಯ ಸ್ವಿಚ್‌ನಲ್ಲಿ ಸೇವ್‌ಗಳು ಯಂತ್ರದ ಒಳಗಿನ ಸಂಗ್ರಹದಲ್ಲೇ ಇರುತ್ತವೆ, ಮೆಮೊರಿ ಕಾರ್ಡ್‌ಗೆ ನಕಲು ಮಾಡಲು ಬರುವುದಿಲ್ಲ. ಕ್ಲೌಡ್ ಸೌಲಭ್ಯಕ್ಕೆ ಚಂದಾ ಬೇಕು, ಚಂದಾ ಇದ್ದರೂ ಕೆಲವು ಆಟಗಳು ಕ್ಲೌಡನ್ನು ಬೆಂಬಲಿಸುವುದಿಲ್ಲ. ಆದ್ದರಿಂದ ಸ್ವಿಚ್ 2ನ್ನು ಮೊದಲ ಸಲ ಸಜ್ಜುಗೊಳಿಸುವಾಗ ಕೇಳುವ ಸಿಸ್ಟಮ್ ಟ್ರಾನ್ಸ್‌ಫರ್ ಹಂತವನ್ನು ‘ಆಮೇಲೆ ನೋಡೋಣ’ ಎಂದು ದಾಟಿಸಿಬಿಡಬೇಡಿ. ಎರಡೂ ಯಂತ್ರಗಳನ್ನು ಚಾರ್ಜರ್‌ಗೆ ಹಾಕಿ, ಪಕ್ಕಪಕ್ಕದಲ್ಲಿಟ್ಟು ಅಲ್ಲೇ ಮುಗಿಸಿಕೊಳ್ಳಿ. ಹಳೆಯ ಮೈಕ್ರೋ ಎಸ್‌ಡಿ ಕಾರ್ಡ್‌ನಿಂದ ಚಿತ್ರ, ವಿಡಿಯೊಗಳನ್ನು ತೆಗೆದುಕೊಳ್ಳಬಹುದಷ್ಟೆ. ಆಟಗಳಿಗೆ ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಬೇರೆ ಬಗೆಯ ಕಾರ್ಡ್ ಬೇಕು. ಯಂತ್ರವನ್ನು ಟಿವಿಗೆ ಜೋಡಿಸುವ ಹಳೆಯ ಡಾಕ್ ಕೂಡ ಹೊಂದುವುದಿಲ್ಲ.

ಜಾಗದ ಪ್ರಶ್ನೆ

ಪ್ಲೇಸ್ಟೇಷನ್ 5ರ ಮೊದಲ ಮಾದರಿಯಲ್ಲಿ 825 ಜಿಬಿ ಎಸ್‌ಎಸ್‌ಡಿ ಇದ್ದರೂ ಬಳಕೆಗೆ ಸಿಗುವುದು ಸುಮಾರು 667 ಜಿಬಿ. ಹೊಸ ಪೀಳಿಗೆಯ ಆಟಗಳು ಯುಎಸ್‌ಬಿ ಡಿಸ್ಕ್‌ನಿಂದ ಓಡುವುದಿಲ್ಲ, ಅಲ್ಲಿ ಇಟ್ಟುಕೊಂಡು ಬೇಕಾದಾಗ ಒಳಗೆ ಸಾಗಿಸಿಕೊಳ್ಳಬಹುದಷ್ಟೆ. ಎಕ್ಸ್‌ಬಾಕ್ಸ್ ಸೀರೀಸ್‌ನಲ್ಲೂ ಇದೇ ಕಟ್ಟುಪಾಡು. ಎಕ್ಸ್‌ಬಾಕ್ಸ್‌ಗೆ ಹಿಂಭಾಗದಲ್ಲಿ ಸಿಕ್ಕಿಸುವ ವಿಸ್ತರಣಾ ಕಾರ್ಡ್ ಸಿಗುತ್ತದೆ. ಪ್ಲೇಸ್ಟೇಷನ್ 5ಕ್ಕೆ ನಾವೇ ಎಂ.2 ಎಸ್‌ಎಸ್‌ಡಿಯನ್ನು, ಅಂದರೆ ಒಳಗೆ ಸಿಕ್ಕಿಸುವ ಪಟ್ಟಿಯಾಕಾರದ ಹೆಚ್ಚುವರಿ ಸಂಗ್ರಹವನ್ನು, ಕೂರಿಸಬಹುದು. ಅದು ನಾಲ್ಕನೇ ಪೀಳಿಗೆಯ ಪಿಸಿಐಇ ಮಾದರಿಯದಾಗಿರಬೇಕು, ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚು ಇರುವುದು ಸೂಕ್ತ, ಶಾಖ ಹೊರಹಾಕುವ ಹೀಟ್‌ಸಿಂಕ್ ಕಡ್ಡಾಯ, ಹೀಟ್‌ಸಿಂಕ್ ಸೇರಿ ಒಟ್ಟು ದಪ್ಪ 11.25 ಮಿಲಿಮೀಟರ್ ದಾಟಬಾರದು.

ಕೂರಿಸುವಾಗ ಯಂತ್ರವನ್ನು ಪೂರ್ತಿ ಆಫ್ ಮಾಡಿ, ಎಲ್ಲ ಕೇಬಲ್ ಕಳಚಿ, ತಣ್ಣಗಾಗಲು ಬಿಡಿ. ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿ ಹೊರ ಫಲಕವನ್ನು ತೆಗೆದರೆ, ಒಂದೇ ಸ್ಕ್ರೂನಿಂದ ಬಿಗಿದ ಉದ್ದನೆಯ ಲೋಹದ ಮುಚ್ಚಳ ಕಾಣುತ್ತದೆ. ಅದರೊಳಗೆ ಪುಟ್ಟ ಸ್ಕ್ರೂ ಮತ್ತು ಅದರ ಕೆಳಗೆ ಬಳೆಯಂಥ ಚಿಕ್ಕ ಸ್ಪೇಸರ್ ಇರುತ್ತವೆ. ಆ ಸ್ಪೇಸರನ್ನು ನಿಮ್ಮ ಎಸ್‌ಎಸ್‌ಡಿಯ ಉದ್ದಕ್ಕೆ ಸರಿಹೊಂದುವ ತೂತಿಗೆ ಬದಲಿಸಿ, ಎಸ್‌ಎಸ್‌ಡಿಯನ್ನು ಓರೆಯಾಗಿ ಹಿಡಿದು ಕೊನೆಯ ತನಕ ಒಳಗೆ ತಳ್ಳಿ, ಮೆಲ್ಲನೆ ಕೆಳಕ್ಕೆ ಒತ್ತಿ ಸ್ಕ್ರೂ ಬಿಗಿಯಿರಿ. ಬಲ ಹಾಕಬೇಕಾಗಿ ಬಂದರೆ ಅದು ಸರಿಯಾಗಿ ಕೂತಿಲ್ಲವೆಂದೇ ಅರ್ಥ. ಯಂತ್ರ ಆನ್ ಆದ ಕೂಡಲೇ ಫಾರ್ಮ್ಯಾಟ್ ಮಾಡಲು ತಾನೇ ಕೇಳುತ್ತದೆ, ಮುಗಿದ ಮೇಲೆ ಅಳೆದ ವೇಗವನ್ನೂ ತೋರಿಸುತ್ತದೆ.

ಹಳೆಯದನ್ನು ಬಿಟ್ಟುಕೊಡುವಾಗ

ಮುಖ್ಯ ಆಟಗಳನ್ನೆಲ್ಲ ಹೊಸ ಯಂತ್ರದಲ್ಲಿ ಒಂದೊಂದಾಗಿ ತೆರೆದು, ಸ್ವಲ್ಪ ಆಡಿ, ಹೊಸದಾಗಿ ಸೇವ್ ಮಾಡಿ ನೋಡಿ. ಎಲ್ಲವೂ ಸರಿಯಿದ್ದರೆ ಮಾತ್ರ ಹಳೆಯದರ ಕಡೆಗೆ ತಿರುಗಿ. ಅದು ಮನೆಯಲ್ಲೇ ಇನ್ನೊಬ್ಬರಿಗೆ ಉಳಿಯುವುದಾದರೆ ಪ್ಲೇಸ್ಟೇಷನ್ 4ನ್ನು ನಿಮ್ಮ ಖಾತೆಯ ಪ್ರಾಥಮಿಕ ಯಂತ್ರವಾಗಿಯೇ ಇಟ್ಟುಕೊಳ್ಳಬಹುದು, ಆಗ ನೀವು ಕೊಂಡ ಆಟಗಳನ್ನು ಅದರಲ್ಲಿ ಮನೆಯವರೂ ಆಡಬಹುದು. ಪ್ಲೇಸ್ಟೇಷನ್ 5ರಲ್ಲಿ ಇದೇ ಕೆಲಸ ಮಾಡುವ ಕನ್ಸೋಲ್ ಶೇರಿಂಗ್ ಆಯ್ಕೆ ಅದಕ್ಕೆ ಅಡ್ಡಿಯಾಗುವುದಿಲ್ಲ. ಹೊರಗಿನವರಿಗೆ ಕೊಡುವುದಾದರೆ ಮೊದಲು ಪ್ರಾಥಮಿಕ ಸ್ಥಾನದಿಂದ ತೆಗೆದು, ಡ್ರೈವ್‌ನಲ್ಲಿ ಡಿಸ್ಕ್ ಉಳಿದಿದೆಯೇ ನೋಡಿ, ಆಮೇಲೆ ಇನಿಷಿಯಲೈಸೇಷನ್ ಮೆನುವಿನಲ್ಲಿ ‘ಫುಲ್’ ಆಯ್ಕೆ ಮಾಡಿ ಅಳಿಸಿ. ಇದು ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ವಿದ್ಯುತ್ ಕಡಿತವಾಗದ ಹೊತ್ತು ನೋಡಿಕೊಂಡು ಶುರುಮಾಡಿ. ಸೇವ್‌ಗಳಿರುವ ಪೆನ್‌ಡ್ರೈವನ್ನು ಮಾತ್ರ ಯಂತ್ರದ ಜೊತೆ ಕೊಟ್ಟುಬಿಡದೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ.